ಅಣ್ವಸ್ತ್ರದ ಭಯ: ಹೊಸ ತಜ್ಞರಿಗೆ ಇದೇ ಮೊದಲ ಪಾಠವೇ?

ಅಣ್ವಸ್ತ್ರ ನೀತಿ ಓದಲು ಬರುವ ಹೊಸಬರಿಗೆ ಮೊದಲು ಏನು ಕಲಿಸಬೇಕು? ‘ನೀನು ಹೊಡೆದರೆ ನಾನೂ ಹೊಡೆಯುತ್ತೇನೆ, ಇಬ್ಬರೂ ಉಳಿಯುವುದಿಲ್ಲ’ ಎಂದು ಹೆದರಿಸಿ ಯುದ್ಧ ತಡೆಯುವ ಡಿಟರೆನ್ಸ್ ನೀತಿಯನ್ನೇ? ಇಲ್ಲ, ಆ ನೀತಿ ಕೈಕೊಡುವ ಹಂತಕ್ಕೆ ಬಂದ ಗಳಿಗೆಗಳನ್ನೇ? ನಾಳೆ ಒಪ್ಪಂದದ ಮಾತುಕತೆಗೆ ಕೂರುವವರು ಇವರೇ. ಹಾಗಾಗಿ ಇದು ಸಣ್ಣ ಪ್ರಶ್ನೆಯಲ್ಲ.

ಪರ: ಎದುರಾಳಿಯ ಭಯ ತಿಳಿಯದೆ ಒಪ್ಪಂದ ಆಗದು

ಅಣ್ವಸ್ತ್ರ ಒಳ್ಳೆಯದು ಎಂದು ನಾನು ವಾದಿಸುತ್ತಿಲ್ಲ. ಆದರೆ ಅವು ಇವೆ. ಒಂಬತ್ತು ದೇಶಗಳ ಬಳಿ ಇಂದಿಗೂ ಸುಮಾರು 12,000 ಸಿಡಿತಲೆಗಳಿವೆ. ಒಂದು ದೇಶ ಯಾರಿಗೆ ಹೆದರಿ ಅವನ್ನು ಇಟ್ಟುಕೊಂಡಿದೆ ಅನ್ನೋದು ಗೊತ್ತಿಲ್ಲದವರಿಗೆ, ಅವನ್ನು ಕಡಿಮೆ ಮಾಡಿಸುವ ದಾರಿಯೂ ಕಾಣುವುದಿಲ್ಲ.

1972ರ ಎಬಿಎಂ ಒಪ್ಪಂದವನ್ನೇ ನೋಡಿ. ತಮ್ಮತ್ತ ಬರುವ ಕ್ಷಿಪಣಿಯನ್ನು ದಾರಿಯಲ್ಲೇ ಹೊಡೆದುರುಳಿಸುವ ವ್ಯವಸ್ಥೆಯನ್ನು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ತಲಾ ಎರಡು ಜಾಗಕ್ಕೆ ಸೀಮಿತ ಮಾಡಿಕೊಂಡವು. 1974ರಲ್ಲಿ ಅದನ್ನು ಒಂದಕ್ಕೆ ಇಳಿಸಿದವು. ಮೊದಲ ಸಲ ಕೇಳಿದವರಿಗೆ ಇದು ಹುಚ್ಚಾಟ ಅನಿಸುತ್ತದೆ. ನಮ್ಮನ್ನು ನಾವು ಕಾಪಾಡಿಕೊಳ್ಳಲೂ ಮಿತಿಯೇ? ಆದರೆ ಒಂದು ಹೆಜ್ಜೆ ಮುಂದೆ ಯೋಚಿಸಿ. ಒಬ್ಬರ ಬಳಿ ಗಟ್ಟಿ ಗುರಾಣಿ ಇದ್ದರೆ, ಅದನ್ನು ಮುರಿಯಲು ಇನ್ನೊಬ್ಬರು ಇನ್ನೂ ಜಾಸ್ತಿ ಕ್ಷಿಪಣಿ ಮಾಡುತ್ತಾರೆ. ಗುರಾಣಿ ಇದ್ದವನು ಧೈರ್ಯ ಮಾಡಿ ಮೊದಲೇ ಹೊಡೆದುಬಿಟ್ಟರೆ ಎಂಬ ಅನುಮಾನ ಬೇರೆ. ಗುರಾಣಿಗೆ ಮಿತಿ ಬಿದ್ದಿದ್ದಕ್ಕೇ ಕ್ಷಿಪಣಿಗೂ ಮಿತಿ ಹಾಕಲು ಆಯಿತು. 2002ರಲ್ಲಿ ಅಮೆರಿಕ ಈ ಒಪ್ಪಂದದಿಂದ ಹೊರಬಂತು. 2018ರಲ್ಲಿ ರಷ್ಯಾದ ಹೊಸ ಅಸ್ತ್ರಗಳನ್ನು ಪ್ರಕಟಿಸುವಾಗ ಪುಟಿನ್ ಅದನ್ನೇ ಕಾರಣವಾಗಿ ಹೇಳಿದರು. ಡಿಟರೆನ್ಸ್ ಓದಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ.

ಇನ್ನು ತಪಾಸಣೆ. ಅಮೆರಿಕ ಮತ್ತು ರಷ್ಯಾ ನಡುವಿನ 2010ರ ನ್ಯೂ ಸ್ಟಾರ್ಟ್ ಒಪ್ಪಂದದ ಪ್ರಕಾರ ಎರಡೂ ಕಡೆಯವರು ನಿಯೋಜಿಸಬಹುದಾಗಿದ್ದ ಸಿಡಿತಲೆ ತಲಾ 1,550. ಅದನ್ನು ನಂಬುವುದು ಹೇಗೆ? ವರ್ಷಕ್ಕೆ 18 ಸಲ ಇನ್ನೊಬ್ಬರ ನೆಲೆಗೇ ಹೋಗಿ ನೋಡಬಹುದಿತ್ತು. ಯಾವ ಕ್ಷಿಪಣಿ ತೋರಿಸಬೇಕು ಎಂದು ಹೇಳುವುದು ಬಂದ ತಂಡವೇ. ನೆಲೆಯವರು ಅದರ ಮೂತಿಯ ಕವಚ ತೆಗೆಯುತ್ತಿದ್ದರು. ಒಳಗಿನ ಸಿಡಿತಲೆಗಳ ವಿನ್ಯಾಸ ಕಾಣದಂತೆ ಮುಸುಕು ಹಾಕಿರುತ್ತಿದ್ದರು. ಬಂದವರು ಮುಸುಕುಗಳನ್ನು ಎಣಿಸುತ್ತಿದ್ದರು. ‘ಇದು ಅಣ್ವಸ್ತ್ರ ಅಲ್ಲ’ ಎಂದು ಯಾವುದನ್ನಾದರೂ ತೋರಿಸಿದರೆ, ವಿಕಿರಣ ಅಳೆಯುವ ಉಪಕರಣ ಹಿಡಿದು ಖಾತ್ರಿ ಮಾಡಿಕೊಳ್ಳಬಹುದಿತ್ತು. ಎದುರಾಳಿಗೆ ಎಷ್ಟು ತೋರಿಸಿದರೆ ಅವನಿಗೆ ಸಮಾಧಾನ, ಎಷ್ಟು ತೋರಿಸಿದರೆ ನಮಗೇ ಅಪಾಯ ಎಂದು ಬಲ್ಲವರು ಮಾತ್ರ ಇಂಥ ನಿಯಮ ಬರೆಯಬಲ್ಲರು.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಈ ಭೇಟಿಗಳು ನಿಂತವು. ಮತ್ತೆ ಶುರುವಾಗುವ ಮೊದಲೇ, 2023ರಲ್ಲಿ ರಷ್ಯಾ ಒಪ್ಪಂದವನ್ನೇ ಅಮಾನತಿನಲ್ಲಿಟ್ಟಿತು. ಈಗ ಓದಲು ಬರುತ್ತಿರುವವರು ಇಂಥ ತಪಾಸಣೆಯನ್ನು ಕಂಡೇ ಇಲ್ಲ. 1986ರ ಸುಮಾರಿಗೆ 70,000 ಇದ್ದ ಸಿಡಿತಲೆಗಳನ್ನು ಇಳಿಸಿದ ಕಸುಬು ಇದು. ಕಲಿತವರ ಜೊತೆಗೇ ಅದು ಮರೆಯಾಗಲು ಬಿಡಬಾರದು.

ವಿರೋಧ: ಕಾಪಾಡಿದ್ದು ಯಾವುದು ಎಂದು ಮೊದಲು ಕಲಿಸಿ

ತಪಾಸಣೆ ಕಲಿಸಬೇಕು, ಅದಕ್ಕೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಅಡಿಪಾಯದ ಬಗ್ಗೆ. ಡಿಟರೆನ್ಸ್ ಮೊದಲ ಪಾಠವಾದರೆ, ‘ಇಷ್ಟು ವರ್ಷ ಯುದ್ಧ ಆಗಿಲ್ಲ, ಅಂದರೆ ಈ ನೀತಿ ಕೆಲಸ ಮಾಡಿದೆ’ ಎಂಬ ನಂಬಿಕೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆಮೇಲೆ ಓದುವುದೆಲ್ಲ ಅದರ ಕೆಳಗೇ ಬರುತ್ತದೆ.

ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳನ್ನು ಇಟ್ಟಿದ್ದಕ್ಕೆ ಎದ್ದ 1962ರ ಬಿಕ್ಕಟ್ಟನ್ನು ಅಮೆರಿಕದ ಅಧ್ಯಕ್ಷ ಕೆನಡಿ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಅವರ ಲೆಕ್ಕಾಚಾರದ ಕಥೆಯಾಗಿ ಹೇಳುವುದು ರೂಢಿ. ಆದರೆ ಅಕ್ಟೋಬರ್ 27ರಂದು ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯ ಒಳಗೆ ಆ ಇಬ್ಬರೂ ಇರಲಿಲ್ಲ. ಮೇಲಿದ್ದ ಅಮೆರಿಕದ ಹಡಗುಗಳು ಅದನ್ನು ನೀರಿನಿಂದ ಮೇಲೆಬ್ಬಿಸಲು ಎಚ್ಚರಿಕೆಯ ಸಿಡಿಮದ್ದು ಎಸೆಯುತ್ತಿದ್ದವು. ಕೆಳಗೆ ಅಣ್ವಸ್ತ್ರ ಟಾರ್ಪಿಡೊ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. ಯುದ್ಧ ಶುರುವಾಗಿದೆಯೋ ಇಲ್ಲವೋ ಎಂದು ಒಳಗಿದ್ದವರಿಗೆ ಗೊತ್ತಿರಲಿಲ್ಲ. ವಿಪರೀತ ಸೆಕೆ, ಮಾಸ್ಕೋ ಜೊತೆ ಸಂಪರ್ಕ ಇಲ್ಲ. ಕ್ಯಾಪ್ಟನ್ ಟಾರ್ಪಿಡೊ ಸಿದ್ಧ ಮಾಡಲು ಹೇಳಿದ, ವಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಅವನನ್ನು ತಡೆದ ಎಂದು ಒಳಗಿದ್ದವರು ವರ್ಷಗಳ ನಂತರ ಹೇಳಿದರು. ಹೆದರಿಸಿ ತಡೆಯಬೇಕಾದರೆ ಎದುರಿಗಿರುವವನ ಕೈಯಲ್ಲಿ ಏನಿದೆ ಎಂದಾದರೂ ತಿಳಿದಿರಬೇಕು ಅಲ್ವಾ? ಅಲ್ಲಿ ಅದೂ ಇರಲಿಲ್ಲ.

1983ರ ಸೆಪ್ಟೆಂಬರ್ 26ರ ರಾತ್ರಿ ಇನ್ನೂ ಸ್ಪಷ್ಟ. ಅದೇ ತಿಂಗಳ ಮೊದಲ ದಿನ ಸೋವಿಯತ್ ಪಡೆಗಳು ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿದ್ದವು, ಎರಡೂ ಕಡೆ ನರಗಳು ಬಿಗಿದಿದ್ದವು. ಅಮೆರಿಕದಿಂದ ಕ್ಷಿಪಣಿ ಹಾರಿದೆ ಎಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಎಚ್ಚರಿಸಿತು. ಮೊದಲು ಒಂದು, ಆಮೇಲೆ ಇನ್ನೂ ನಾಲ್ಕು. ಪಾಳಿಯಲ್ಲಿದ್ದ ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್‌ಗೆ ಅನುಮಾನ ಬಂತು. ನಿಜವಾದ ದಾಳಿಯಾದರೆ ಬರೀ ಐದು ಕ್ಷಿಪಣಿ ಬಿಡುತ್ತಾರೆಯೇ? ನೆಲದ ರೇಡಾರಿನಲ್ಲೂ ಏನೂ ಇಲ್ಲ. ಇದು ಸುಳ್ಳು ಎಚ್ಚರಿಕೆ ಎಂದು ಆತ ಮೇಲಿನವರಿಗೆ ವರದಿ ಮಾಡಿದ. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಎಂದುಕೊಂಡಿತ್ತು ಅಷ್ಟೇ. ಅಮೆರಿಕದ ಕಡೆಯೂ ಹೀಗೇ ಆಗಿದೆ. 1979ರ ನವೆಂಬರ್‌ನಲ್ಲಿ ತರಬೇತಿಯ ದಾಳಿ ದೃಶ್ಯ ಅಸಲಿ ವ್ಯವಸ್ಥೆಗೆ ಸೇರಿಕೊಂಡು, ದೊಡ್ಡ ದಾಳಿ ಬರುತ್ತಿದೆ ಎಂದು ಪರದೆಗಳು ತೋರಿಸಿದ್ದವು.

ಸಣ್ಣ ಯುದ್ಧಗಳಾದರೂ ನಿಂತವೇ? ಅದೂ ಇಲ್ಲ. ಭಾರತ ಮತ್ತು ಪಾಕಿಸ್ತಾನ ಪರೀಕ್ಷೆ ಮಾಡಿದ್ದು 1998ರಲ್ಲಿ, ಕಾರ್ಗಿಲ್ ಆಗಿದ್ದು 1999ರಲ್ಲಿ.

ಹಾಗಾದರೆ ಮೊದಲ ಪಾಠ ಏನು? ಹಿರೋಶಿಮಾದಿಂದ ಶುರು ಮಾಡಿ. ಸುಮಾರು 15 ಕಿಲೋಟನ್‌ನ, ಅಂದರೆ 15,000 ಟನ್ ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿಯ ಒಂದು ಬಾಂಬಿನಿಂದ 1945 ಮುಗಿಯುವ ಹೊತ್ತಿಗೆ ಸತ್ತವರು ಸುಮಾರು 1,40,000. ಇಂದಿನ ಹಲವು ಸಿಡಿತಲೆಗಳ ಶಕ್ತಿ ಅದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಆಮೇಲೆ ದಕ್ಷಿಣ ಆಫ್ರಿಕಾ. ಆ ದೇಶ ಆರು ಬಾಂಬ್ ಮಾಡಿ, ತಾನಾಗಿ ಅವನ್ನು ಬಿಚ್ಚಿಹಾಕಿತು. 1993ರಲ್ಲಿ ಅಲ್ಲಿನ ಅಧ್ಯಕ್ಷ ಡಿ ಕ್ಲರ್ಕ್ ಅದನ್ನು ಬಹಿರಂಗವಾಗಿ ಹೇಳಿದರು, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೋಗಿ ಪರಿಶೀಲಿಸಿತು. ಬಾಂಬ್ ಇದ್ದ ದೇಶ ಅದನ್ನು ಬಿಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಅಧ್ಯಯನ ಇಲ್ಲ. ಯಾವ ಭಯ ಕಳೆದಿದ್ದಕ್ಕೆ ಅವರು ಬಿಟ್ಟರು, ಯಾವ ಸ್ವಾರ್ಥ ಇತ್ತು, ಎಲ್ಲವನ್ನೂ ವಿದ್ಯಾರ್ಥಿಗಳು ಕೆದಕಿ ನೋಡಲಿ.

ಕೊನೆಗೆ ಅವರನ್ನು ಪೆಟ್ರೋವ್ ಇದ್ದ ಜಾಗದಲ್ಲಿ ಕೂರಿಸಿ. ಪರದೆಯ ಮೇಲೆ ಐದು ಕ್ಷಿಪಣಿ, ಕೈಯಲ್ಲಿ ಕೆಲವೇ ನಿಮಿಷ, ಫೋನಿನ ಆ ಕಡೆ ಉತ್ತರಕ್ಕೆ ಕಾಯುತ್ತಿರುವ ಮೇಲಧಿಕಾರಿ. ಏನು ಹೇಳುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿ. ಡಿಟರೆನ್ಸ್ ಪಾಠ ಅದಾದ ಮೇಲೆ ಶುರುವಾಗಲಿ.