ಗರ್ಭಗುಡಿಗೆ ಫೋಕಸ್ ಲೈಟ್ ಬೇಡ

ನಿನ್ನೆ ಸಂಜೆ ಕಾರವಾರದಲ್ಲಿದ್ದೆ. ಟಾಗೋರ್ ಬೀಚಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ಒಂದು ಬೆಳಕಿನ ಶಿಲ್ಪ ನಿಲ್ಲಿಸಿದ್ದರು. ಅಲ್ಯೂಮಿನಿಯಂ ಪಟ್ಟಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ನಮ್ಮ ಕದಂಬ ಶಿಖರ, ಅಂಚಿಗೆಲ್ಲ ಎಲ್‌ಇಡಿ. ದೂರಕ್ಕೆ ಬರೀ ಜಗಮಗ. ಸೆಲ್ಫಿಗೆ ಮಾಡಿದ್ದಿರಬೇಕು ಅಂದುಕೊಂಡೇ ಹತ್ತಿರ ಹೋದೆ. ನಾಲ್ಕು ಹೆಜ್ಜೆ ಇಟ್ಟೆ, ಮೇಲಿನ ಸಾಲು ಆರಿತು. ಮತ್ತೆರಡು ಹೆಜ್ಜೆಗೆ ಅದರ ಕೆಳಗಿನದು. ಬುಡದಲ್ಲಿ ಕೂರಿಸಿದ್ದ ಸೆನ್ಸರ್ ನಾನೆಷ್ಟು ದೂರ ಇದ್ದೇನೆಂದು ಅಳೆಯುತ್ತಿತ್ತು. ಬಾಗಿಲಿಗೆ ಬಂದಾಗ ಇಡೀ ಶಿಖರ ಕತ್ತಲು, ಒಳಗೆ ಬೆರಳುದ್ದದ ಒಂದೇ ಹಳದಿ ದೀಪ. ಕಣ್ಣಲ್ಲಿ ನೀರು ಬಂತು.

ಈ ಮಕ್ಕಳಿಗೆ ಗೊತ್ತಾದದ್ದು ನಮ್ಮ ದೇವಸ್ಥಾನದ ಕಮಿಟಿಗಳಿಗೆ ಯಾಕೆ ಗೊತ್ತಾಗುವುದಿಲ್ಲ? ಹೊರಗೆ ಬಿಸಿಲು, ಮುಖಮಂಟಪದಲ್ಲಿ ನೆರಳು, ನವರಂಗದಲ್ಲಿ ಮಬ್ಬು, ಗರ್ಭಗುಡಿಯಲ್ಲಿ ಕತ್ತಲು. ಕಟ್ಟಿದವರು ಬೆಳಕನ್ನು ಹಾಗೆ ಇಳಿಸುತ್ತ ಹೋಗಿದ್ದಾರೆ. ಕಣ್ಣು ಹೊಂದಿಕೊಳ್ಳುವ ಹೊತ್ತಿಗೆ ಭಟ್ಟರು ಮಂಗಳಾರತಿ ಎತ್ತುತ್ತಾರೆ, ದೇವರ ಮುಖ ಒಂದು ಗಳಿಗೆ ಕಾಣುತ್ತದೆ. ಈಗ ಹೊಸ್ತಿಲ ಮೇಲೇ ಬಿಳಿ ಫೋಕಸ್. ಅದರೆದುರು ಆರತಿಯ ಉರಿಯೇ ಕಾಣುವುದಿಲ್ಲ.

ಬನವಾಸಿ ಮಧುಕೇಶ್ವರನ ನೃತ್ಯಮಂಟಪದ ಕಂಬಗಳ ಮುಂದೆ ನೀವೆಲ್ಲ ನಿಂತಿರುತ್ತೀರಿ. ತಿರುಗಿಸಿ ಕಡೆದು ಕನ್ನಡಿಯಷ್ಟು ನುಣುಪು ಮಾಡಿದ ಕಲ್ಲು. ಉಬ್ಬಿದಲ್ಲಿ ನಿಮ್ಮ ಬಿಂಬ ನೆಟ್ಟಗೆ, ತಗ್ಗಿದಲ್ಲಿ ತಲೆಕೆಳಗು. ನೀವು ಸರಿದರೆ ಅದೂ ಸರಿಯುತ್ತದೆ. ಕರೆಂಟೇ ಇಲ್ಲದ ಕಾಲದಲ್ಲಿ, ಬಂದವರನ್ನು ಗುರುತಿಸುವ ಕಲ್ಲು! ಅದಕ್ಕೆ ಬೇಕಾದದ್ದು ಪಕ್ಕದಿಂದ ಬರುವ ಹಗಲು ಬೆಳಕು ಅಷ್ಟೇ. ಮೇಲೊಂದು ಟ್ಯೂಬ್‌ಲೈಟ್ ಕಟ್ಟಿದರೆ ಕಂಬದ ತುಂಬ ಅದರದೇ ಬಿಳಿ ಗೆರೆ.

ವಯಸ್ಸಾದವರಿಗೆ ಕಾಣುವುದಿಲ್ಲ ಅನ್ನುತ್ತಾರೆ. ಮೆಟ್ಟಿಲಿಗೆ ಹಾಕಿ, ಪ್ರದಕ್ಷಿಣೆಯ ದಾರಿಗೆ ಹಾಕಿ, ಚಪ್ಪಲಿ ಬಿಡುವಲ್ಲಿ ಹಾಕಿ. ಎಡವುವುದು ಅಲ್ಲಿ. ದೇವರ ಮುಖಕ್ಕೆ ಯಾಕೆ?

ಇಷ್ಟು ಸಿಟ್ಟಿಗೆ ಕಾರಣ ಇದೆ. ನಮ್ಮೂರ ಗುಡಿಗೆ ಆ ಫೋಕಸ್ ಹಾಕಿಸಿಕೊಟ್ಟವನು ನಾನೇ. ಅಪ್ಪ ತೀರಿಕೊಂಡ ವರ್ಷ, ಅಪ್ಪನ ಹೆಸರಲ್ಲಿ. ಅದೇ ಬಾಗಿಲಲ್ಲಿ, ಅದೇ ಕತ್ತಲಲ್ಲಿ ಅಪ್ಪ ನನ್ನನ್ನು ಎತ್ತಿ ಹಿಡಿದು, "ಈಗ ಮಂಗಳಾರತಿ ಆಗ್ತು, ನೋಡು ತಮಾ" ಅನ್ನುತ್ತಿದ್ದ. ಅವನು ತೋರಿಸಿದ್ದನ್ನು ಅವನ ಹೆಸರಲ್ಲೇ ಅಳಿಸಿಬಿಟ್ಟೆ. ನಿನ್ನೆ ಆ ಹಳದಿ ದೀಪದ ಮುಂದೆ ನಿಂತಾಗಲೇ ಇದು ಹೊಳೆದದ್ದು.

ಇವತ್ತು ಬೆಳಿಗ್ಗೆ ಭಟ್ಟರಿಗೆ ಫೋನ್ ಮಾಡಿ, ಲೈಟ್ ಬಿಚ್ಚಿ ಮೆಟ್ಟಿಲ ಹತ್ತಿರ ಹಾಕಿಸಲಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನ್ನ ಅಪ್ಪನ ಹೆಸ್ರಿತ್ತಲ ತಮಾ, ಹೇಳಲಾಜಿಲ್ಲೆ" ಅಂದರು.