ಹಗುರ ಕೋವಿ, ಮೆದು ಒದೆತ ಮತ್ತು ತಂಗಿಯ ಮಗನ ಆಸೆ

ಕಳೆದ ಭಾನುವಾರ ರಾತ್ರಿ, ಪುಣೆಯ ಕೋಥ್ರೂಡಿನ ನಮ್ಮ ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ಕಾವಲಿಯ ಮೇಲಿರುವಾಗಲೇ ಅಮೆರಿಕದಿಂದ ತಂಗಿಯ ಮಗ ಫೋನ್ ಮಾಡಿದ. ಓಹಾಯೋದಲ್ಲಿ ಕೆಲಸ, ಹೋಗಿ ಆರು ವರ್ಷವಾಯಿತು. "ದೊಡ್ಡಮ್ಮ, ಒಂದು ರೈಫಲ್ ತೆಗೆದುಕೊಳ್ಳಬೇಕೆಂದಿದ್ದೇನೆ. ಹಗುರವಾಗಿರಬೇಕು, ಒದೆಯಬಾರದು. ಶನಿವಾರ ಖಾಲಿ ಡಬ್ಬಿ ಹೊಡೆಯುವುದಕ್ಕೂ ಆಗಬೇಕು, ಚಳಿಗಾಲದಲ್ಲಿ ಜಿಂಕೆಗೂ ಆಗಬೇಕು. ಪಿಸ್ತೂಲಿನ ತೋಟೆ ಹಾಕುವ ರೈಫಲ್ ಒಳ್ಳೆಯದು ಎನ್ನುತ್ತಾರೆ, ನೀವು ಏನು ಹೇಳುತ್ತೀರಿ?"

ಬೆಳ್ಳಗಿರಬೇಕು, ದುಡಿಯಬೇಕು, ಮನೆಯಲ್ಲೂ ಇರಬೇಕು ಎಂದು ವಧು ಹುಡುಕುವವರ ಜಾಹೀರಾತು ನೆನಪಾಯಿತು. ರೊಟ್ಟಿ ಸೀದುಹೋಯಿತು. ಅವನಿಗೆ ಅಂದು ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹೊರದೇಶದಲ್ಲಿರುವ ಇನ್ನೂ ಇಬ್ಬರು ಹುಡುಗರಿಂದ ಬಂದಿದೆ. ಪ್ರತಿ ಸಲ ರೊಟ್ಟಿ ಸೀಯಿಸಿಕೊಳ್ಳಲು ನನಗಾಗದು.

ಕೋವಿಯ ವಿಷಯಕ್ಕೆ ಪುಣೆಯ ಗೃಹಿಣಿಯನ್ನು ಕೇಳುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಒಬ್ಬ ಹಿರಿಯರು ನೇರವಾಗಿಯೇ ಕೇಳಿದ್ದರು. ನಾನು ವಿರಾಜಪೇಟೆಯ ಕಡೆಯವಳು. ನಮ್ಮಲ್ಲಿ ಕೋವಿಗೆ ಹಬ್ಬವೇ ಇದೆ: ಕೈಲ್‌ಪೊಳ್ದ್. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರ, ಕೋವಿಯನ್ನು ತೊಳೆದು ಒರೆಸಿ, ಕೆಂಪು ಹಳದಿ ಬಣ್ಣದ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆಗಿಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ಕೋವಿ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಇಲ್ಲಿನ ನೆರೆಯವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ನನಗೆ ಹದಿನಾಲ್ಕಾಗಿದ್ದಾಗ ಅಪ್ಪ ತಮ್ಮ ಜೋಡುನಳಿಕೆಯ 12 ಬೋರ್ ಕೋವಿ ಕೈಗೆ ಕೊಟ್ಟರು. ಹೆದರಿಕೆಯಿಂದ ಅದನ್ನು ಹೆಗಲಿನಿಂದ ಎರಡು ಬೆರಳು ದೂರ ಹಿಡಿದು ಕುದುರೆ (ಟ್ರಿಗರ್) ಎಳೆದೆ. ತೆಂಗಿನಕಾಯಿ ಅಲ್ಲಾಡಲಿಲ್ಲ, ನಾನು ಅಲ್ಲಾಡಿದೆ. ಹೆಗಲು ಒಂದು ವಾರ ನೇರಳೆ ಹಣ್ಣಿನ ಬಣ್ಣದಲ್ಲಿತ್ತು. ಅರಿಸಿನದ ಪಟ್ಟು ಹಾಕುತ್ತ ಅಮ್ಮ ಅಪ್ಪನನ್ನು ಬೈದರು, ಅಪ್ಪ ನನಗೆ ಹೇಳಿದರು: "ದೂರ ಹಿಡಿದರೆ ಅದು ಓಡಿ ಬಂದು ಒದೆಯುತ್ತದೆ. ಒತ್ತಿ ಹಿಡಿದರೆ ಬರೀ ತಳ್ಳುತ್ತದೆ."

ಹೆಗಲು ವಾರದಲ್ಲಿ ವಾಸಿಯಾಯಿತು, ಕಣ್ಣು ಆಗಲಿಲ್ಲ. ನಾಲ್ಕು ವರ್ಷದ ಹಿಂದೆ ಬಾಲೇವಾಡಿಯ ಕ್ರೀಡಾಸಂಕೀರ್ಣದ ಶೂಟಿಂಗ್ ರೇಂಜಿಗೆ ಸೇರಿದಾಗ ತರಬೇತುದಾರರು ಮೊದಲ ವಾರದಲ್ಲೇ ಪತ್ತೆಹಚ್ಚಿದರು. 10 ಮೀಟರ್ ಏರ್ ರೈಫಲಿನಲ್ಲಿ ಒದೆತ ಎನ್ನುವುದೇ ಇಲ್ಲವೆನ್ನಬಹುದು. ಆದರೂ ಕುದುರೆಯ ಮೇಲೆ ಬೆರಳು ಬಿಗಿಯಾಗುವ ಆ ಕ್ಷಣಕ್ಕೆ ಸರಿಯಾಗಿ ನನ್ನ ಬಲಗಣ್ಣು ಮುಚ್ಚಿಕೊಳ್ಳುತ್ತಿತ್ತು. ಅವರು ನನಗೆ ತಿಳಿಯದಂತೆ ಖಾಲಿ ರೈಫಲ್ ಕೊಟ್ಟು ನೋಡಿದರು. ಆಗಲೂ ಕಣ್ಣು ಮುಚ್ಚಿತು, ನಳಿಕೆ ಕೆಳಗೆ ಬಾಗಿತು. ಮೂವತ್ತೈದು ವರ್ಷ ಹಿಂದಿನ ಒಂದೇ ಈಡಿನ ಭಯ! ಅದನ್ನು ಬಿಡಿಸಿಕೊಳ್ಳಲು ಎಂಟು ತಿಂಗಳು ಬೇಕಾಯಿತು. ಕಡಿಮೆ ಒದೆತದ ಕೋವಿ ಬೇಕು ಎನ್ನುವವನನ್ನು ಯಾರಾದರೂ ಹೆದರುಪುಕ್ಕಲ ಎಂದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಆದರೆ ತಂಗಿಯ ಮಗ ಹಗುರ ಮತ್ತು ಮೆದು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದನಲ್ಲ, ಅಲ್ಲಿ ತೊಡಕಿದೆ. ಗುಂಡು ಮುಂದಕ್ಕೆ ಹೋದಷ್ಟೇ ಬಲವಾಗಿ ಕೋವಿ ಹಿಂದಕ್ಕೆ ಬರಬೇಕು. ಕೋವಿ ಭಾರವಿದ್ದರೆ ನಿಧಾನವಾಗಿ ಬರುತ್ತದೆ, ಹಗುರವಿದ್ದರೆ ರಭಸದಿಂದ. ಒಂದೇ ಬಗೆಯ ತೋಟೆಯನ್ನು (ಕವಚ, ಮದ್ದು, ಗುಂಡು ಸೇರಿದ್ದು) 4 ಕಿಲೋ ರೈಫಲಿನಲ್ಲಿ ಹಾರಿಸಿ, ಬಳಿಕ 2 ಕಿಲೋ ರೈಫಲಿನಲ್ಲಿ ಹಾರಿಸಿದರೆ ಹೆಗಲಿಗೆ ಬರುವ ಶಕ್ತಿ ಇಮ್ಮಡಿಯಾಗುತ್ತದೆ. ಅಂಗಡಿಯವನು ಈ ಎರಡನ್ನೂ ಒಟ್ಟಿಗೆ ಕೊಡುತ್ತೇನೆ ಎಂದರೆ, ತೋಟೆ ಸಣ್ಣದಾಗಿರಬೇಕು ಅಥವಾ ಅವನ ಮಾತು ದೊಡ್ಡದಾಗಿರಬೇಕು.

ಇನ್ನೊಂದು ಸಂಗತಿ. ಭಾರ ಶತ್ರುವಲ್ಲ. ಬಾಲೇವಾಡಿಯಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಅಭ್ಯಾಸ ಮಾಡುವ ಹದಿನೈದರ ಹುಡುಗಿಯ ತೋಳು ನುಗ್ಗೆಕಾಯಿಯಂತಿದೆ. ಅವಳು ಹಿಡಿಯುವ ರೈಫಲ್ ನಾಲ್ಕು ಕಿಲೋಗೂ ಹೆಚ್ಚು. ಸ್ಪರ್ಧೆಯ ನಿಯಮ 5.5 ಕಿಲೋವರೆಗೆ ಬಿಡುತ್ತದೆ. ಗುರಿಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ಸಾಸಿವೆಗಿಂತ ಚಿಕ್ಕದು. ಅದಕ್ಕೆ ಅರವತ್ತು ಸಲ ಗುರಿಯಿಡುವವರು ಹಗುರ ರೈಫಲ್ ಬೇಡುವುದಿಲ್ಲ. ಭಾರವಾದದ್ದು ಉಸಿರಿಗೆ ತೂಗಾಡುವುದಿಲ್ಲ. ಎಲುಬಿನ ಮೇಲೆ ಅದನ್ನು ಕೂರಿಸುವುದು ಹೇಗೆಂದು ಕಲಿತರೆ ತೋಳಿಗೆ ಕೆಲಸವೇ ಇಲ್ಲ. ಕೊಲ್ಲಾಪುರ ಜಿಲ್ಲೆಯ ಹಳ್ಳಿಯಿಂದ ಬಂದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದಾಗ ನಮ್ಮ ರೇಂಜಿನಲ್ಲಿ ಪೇಡೆ ಹಂಚಿದ್ದರು. ಅದರ ತೋಟೆ ಸಣ್ಣ .22 (ಅಂಗುಲದ ನೂರು ಪಾಲಿನಲ್ಲಿ ಇಪ್ಪತ್ತೆರಡು ಪಾಲು ಅಗಲ), ಆದರೆ ಕೋವಿಯ ತೂಕ ನೋಡಿದರೆ ಒನಕೆ.

ಹಾಗಾದರೆ ಹಗುರವಾದದ್ದು ಯಾರಿಗೆ ಬೇಕು? ದಿನವಿಡೀ ಹೊತ್ತು ನಡೆಯುವವನಿಗೆ. ಬೇಟೆಗಾರ ಇಡೀ ದಿನ ಹೊರುತ್ತಾನೆ, ಒಂದು ಸಲ ಹೊಡೆಯುತ್ತಾನೆ. ಡಬ್ಬಿ ಹೊಡೆಯುವವನು ಕಾರಿನಿಂದ ಬೆಂಚಿನವರೆಗೆ ಹೊರುತ್ತಾನೆ, ಇನ್ನೂರು ಸಲ ಹೊಡೆಯುತ್ತಾನೆ. ಒಂದೇ ರೈಫಲಿನಿಂದ ಎರಡೂ ಆಗಬೇಕೆಂದರೆ ತೂಕದಲ್ಲಿ ರಾಜಿಯಾಗಿ, ತೋಟೆಯಲ್ಲಿ ಜಾಣತನ ತೋರಿಸಬೇಕು.

ಪಿಸ್ತೂಲಿನ ತೋಟೆಯನ್ನು ರೈಫಲಿಗೆ ಹಾಕುವುದು ಹೊಸ ಹುಚ್ಚೇನೂ ಅಲ್ಲ. ವಿಂಚೆಸ್ಟರ್ ಕಂಪನಿ 1873ರಲ್ಲಿ ತಂದ ಲಿವರ್ ರೈಫಲಿನ (ಕುದುರೆಯ ಕೆಳಗಿನ ಹಿಡಿಕೆಯನ್ನು ಕೆಳಗೆ ಮೇಲೆ ಆಡಿಸಿ ಮುಂದಿನ ತೋಟೆ ತುಂಬುವಂಥದ್ದು) .44-40 ತೋಟೆಗೆ ಕೆಲವೇ ವರ್ಷಗಳಲ್ಲಿ ಕೋಲ್ಟ್ ರಿವಾಲ್ವರ್ ಕೂಡ ಬಂತು. ಸೊಂಟದಲ್ಲಿ ಒಂದು, ಕುದುರೆಯ ಜೀನಿನಲ್ಲಿ ಒಂದು, ತೋಟೆಯ ಚೀಲ ಮಾತ್ರ ಒಂದೇ. ಈಗ ಅಮೆರಿಕದ ಅಂಗಡಿಗಳಲ್ಲಿ ಹೆಚ್ಚು ಕಾಣುವುದು 9 ಎಂಎಂ ಪಿಸ್ತೂಲ್ ತೋಟೆಯ ರೈಫಲ್. ತೋಟೆ ಅಗ್ಗ, ಎಲ್ಲೆಡೆ ಸಿಗುತ್ತದೆ. ತಂಗಿಯ ಮಗ ಕಳಿಸಿದ ಮೂರು ಚಿತ್ರಗಳಲ್ಲಿ ಎರಡು ಅದೇ. ಒಂದಂತೂ ಮಧ್ಯದಲ್ಲಿ ಮಡಚಿ ಲ್ಯಾಪ್‌ಟಾಪ್ ಚೀಲಕ್ಕೆ ಹಾಕುವಂಥದ್ದು, ಎರಡು ಕಿಲೋಗಿಂತ ಕಡಿಮೆ. ಮಡಚುವ ಕೊಡೆ ಗಾಳಿಗೆ ಹೇಗಿರುತ್ತದೆಂದು ಪುಣೆಯ ಜುಲೈ ಕಂಡವರಿಗೆ ಗೊತ್ತು.

9 ಎಂಎಂ ರೈಫಲ್‌ಗಳ ಒದೆತ ತೋಟೆಯ ಗಾತ್ರಕ್ಕೆ ತಕ್ಕಷ್ಟು ಮೆದುವಾಗಿರುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್ ಬಗೆಯವು. ಗುಂಡು ಹಾರುವಾಗ ನಳಿಕೆಯ ಹಿಂಬದಿಯ ಬಾಗಿಲಿಗೆ ಚಿಲಕವಿಲ್ಲ. ಬೋಲ್ಟ್ ಎನ್ನುವ ಉಕ್ಕಿನ ಗಟ್ಟಿಯ ಭಾರವೂ ಅದರ ಹಿಂದಿನ ಸ್ಪ್ರಿಂಗೂ ಅದನ್ನು ಕ್ಷಣಕಾಲ ತಡೆಯುತ್ತವೆ, ಅಷ್ಟೇ. ಹಾಗಾಗಿ ಆ ಗಟ್ಟಿ ಅರ್ಧ ಕಿಲೋಗೂ ಹೆಚ್ಚು ತೂಗಬೇಕು. ಪ್ರತಿ ಈಡಿಗೂ ಅದು ಹಿಂದಕ್ಕೆ ಓಡಿ ಗೋಡೆಗೆ ಬಡಿಯುತ್ತದೆ, ಮತ್ತೆ ಮುಂದಕ್ಕೆ ಓಡಿ ಬಡಿಯುತ್ತದೆ. ಹೆಗಲಿಗೆ ತಾಗುವುದು ಬರಿಯ ಗುಂಡಿನ ಒದೆತವಲ್ಲ, ಈ ಓಡಾಟ. ರೂಗರ್ ಕಂಪನಿಯವರು ಇದನ್ನರಿತೇ ಪಿಸಿ ಕಾರ್ಬೈನ್ ಎಂಬ ತಮ್ಮ 9 ಎಂಎಂ ರೈಫಲಿನ ಬೋಲ್ಟ್ ಒಳಗೆ ಜಾರುವ ಟಂಗ್‌ಸ್ಟನ್ ತೂಕವೊಂದನ್ನು ಇಟ್ಟರು, ರೈಫಲನ್ನು 3 ಕಿಲೋ ಮಾಡಿದರು. ಡಬ್ಬಿಗೆ ಅದು ಸೊಗಸಾದ ವಸ್ತು.

ಜಿಂಕೆಗೆ ಅಲ್ಲ. ಪಿಸ್ತೂಲಿನ ಗಿಡ್ಡ ನಳಿಕೆಯಲ್ಲೇ ಉರಿದು ಮುಗಿಯುವಂತೆ ಲೆಕ್ಕ ಹಾಕಿದ ಮದ್ದು 9 ಎಂಎಂನದು. ಉದ್ದ ನಳಿಕೆ ಕೊಟ್ಟರೂ ಅದು ಕಾಲು ಚಾಚುವುದು ಸ್ವಲ್ಪವೇ. ಸೆಕೆಂಡಿಗೆ 400 ಮೀಟರ್ ವೇಗ, 600 ಜೂಲ್ ಆಸುಪಾಸು. ಓಹಾಯೋದ ನಿಯಮ ಹೇಗೂ ಬಾಗಿಲು ಹಾಕಿದೆ: ಅಲ್ಲಿ 2014ರಿಂದ ಜಿಂಕೆಗೆ ನೇರ ಕವಚದ (ಮೂತಿಯ ಕಡೆ ಕುತ್ತಿಗೆಯಂತೆ ಕಿರಿದಾಗದ) ತೋಟೆಯ ರೈಫಲ್ ಬಳಸಬಹುದು, ಆದರೆ ಗುಂಡಿನ ಅಗಲ .357ರಿಂದ .50 ಅಂಗುಲದೊಳಗೆ ಇರಬೇಕು. 9 ಎಂಎಂ ಗುಂಡು .355. ಅಂಗುಲದ ಸಾವಿರ ಪಾಲಿನಲ್ಲಿ ಎರಡು ಪಾಲು ಕಡಿಮೆ! ಸಮತಟ್ಟಾದ, ಮನೆಗಳು ಹತ್ತಿರ ಹತ್ತಿರ ಇರುವ ನಾಡಿನಲ್ಲಿ ಮೈಲುಗಟ್ಟಲೆ ಹಾರುವ ಚೂಪು ಗುಂಡು ಬೇಡವೆಂಬುದು ಇಂಥ ನಿಯಮಗಳ ಹಿಂದಿನ ಕಾರಣ.

ನನ್ನ ಮಾತು .357 ಮ್ಯಾಗ್ನಮ್ ತೋಟೆಯ ಲಿವರ್ ರೈಫಲಿಗೆ. 1935ರ ರಿವಾಲ್ವರ್ ತೋಟೆ ಇದು. ಮದ್ದು ಹೆಚ್ಚು, ಉರಿಯುವುದು ನಿಧಾನ. ಆದ್ದರಿಂದ ಉದ್ದ ನಳಿಕೆ ಸಿಕ್ಕರೆ ಹಿಗ್ಗುತ್ತದೆ. ಹತ್ತು ಗ್ರಾಂ ಗುಂಡು ರಿವಾಲ್ವರಿನಲ್ಲಿ ಸೆಕೆಂಡಿಗೆ 380 ಮೀಟರ್ ಹೋದರೆ ರೈಫಲಿನಲ್ಲಿ 500 ದಾಟುತ್ತದೆ. ಎಂಬತ್ತು ತೊಂಬತ್ತು ಮೀಟರಿನೊಳಗೆ ಜಿಂಕೆಗೆ ಸಾಕು, ಅದರಾಚೆ ಹೊಡೆಯಬಾರದು. ಒದೆತ ಅಪ್ಪನ 12 ಬೋರಿನ ಮೂರರಲ್ಲೊಂದು ಪಾಲಿನಷ್ಟು. ಚಿಲಕ ಹಾಕಿ ಹಾರಿಸುವ ಕೋವಿಯಾದ್ದರಿಂದ ಆ ಓಡಾಡುವ ಗಟ್ಟಿಯ ಕಾಟವೂ ಇಲ್ಲ.

ಇದರ ನಿಜವಾದ ಸೊಗಸು ಬೇರೆಡೆ ಇದೆ. ನಳಿಕೆಯ ಹಿಂತುದಿಯಲ್ಲಿ ತೋಟೆ ಕೂರುವ ಅದೇ ಗೂಡಿಗೆ .38 ಸ್ಪೆಷಲ್ ಎಂಬ ಮೆದು ತೋಟೆಯೂ ಕೂರುತ್ತದೆ. ಎರಡರ ಗುಂಡಿನ ಅಗಲ ಒಂದೇ. .38ರ ಕವಚ ಗಿಡ್ಡ; ಮ್ಯಾಗ್ನಮ್ ಹಳೆಯ .38 ರಿವಾಲ್ವರಿನೊಳಗೆ ಹೋಗಿ ಅನಾಹುತವಾಗದಿರಲೆಂದೇ ಅದರ ಕವಚವನ್ನು ಉದ್ದ ಮಾಡಿದ್ದರು. ಶನಿವಾರ ಡಬ್ಬಿಗೆ .38 ಹಾಕಿದರೆ ಒದೆತ ಬೆನ್ನು ತಟ್ಟಿದಷ್ಟು. ಎರಡು ಎಚ್ಚರ: .38 ಬಹಳ ಹಾರಿಸಿದರೆ ಗೂಡಿನಲ್ಲಿ ಮಸಿಯ ಬಳೆ ಕೂರುತ್ತದೆ, ತಿಕ್ಕದಿದ್ದರೆ ಮ್ಯಾಗ್ನಮ್ ಸಿಕ್ಕಿಕೊಳ್ಳುತ್ತದೆ. ಕೆಲವು ರೈಫಲ್‌ಗಳು ಗಿಡ್ಡ ತೋಟೆಯನ್ನು ಎತ್ತಿ ಕೊಡುವಾಗ ತಡವರಿಸುತ್ತವೆ, ಕೊಳ್ಳುವ ಮೊದಲು ಹತ್ತು ಹಾಕಿ ನೋಡಬೇಕು. ಹಾಂ, ಚೂಪು ಮೂತಿಯ ಗುಂಡು ಬೇಡವೇ ಬೇಡ. ನಳಿಕೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಸಾಲಾಗಿ ನಿಲ್ಲುತ್ತವೆ, ಒಂದರ ಮೂತಿ ಮುಂದಿನದರ ಕೇಪಿನ (ಬಡಿದರೆ ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ಮೇಲೆ. ಚೂಪು ಮೂತಿ ಕೇಪನ್ನು ಕುಟ್ಟಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ತೂಕ? ಈ ಬಗೆಯಲ್ಲಿ 2.3 ಕಿಲೋದವೂ ಇವೆ, ಹಿತ್ತಾಳೆ ಹೊದಿಕೆಯ 4 ಕಿಲೋದವೂ ಇವೆ. 3 ಕಿಲೋ ಆಸುಪಾಸಿನದು ತೆಗೆದುಕೋ ಎಂದೆ. "ಹಿತ್ತಾಳೆಯದು ಚೆನ್ನಾಗಿ ಕಾಣುತ್ತದೆ ದೊಡ್ಡಮ್ಮ" ಎಂದ. ಕಾಣುತ್ತದೆ, ದೀಪದ ಕಂಬದಂತೆ. ಮಧ್ಯಾಹ್ನದವರೆಗೆ ಹೊತ್ತುಕೊಂಡು ನಡೆಯಲಿ, ತಿಳಿಯುತ್ತದೆ.

ಆದರೂ ಮೊದಲ ಕೋವಿ .22 ಆಗಿರಲಿ. ಅವನಿಗೆ ಇದು ಹಿಡಿಸಲಿಲ್ಲ, ಮಕ್ಕಳ ಆಟಿಕೆ ಎಂದುಕೊಂಡಿದ್ದಾನೆ. ಎರಡೂವರೆ ಗ್ರಾಂ ಗುಂಡು, ಒದೆತವೆಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ತೋಟೆ ಎಲ್ಲಕ್ಕಿಂತ ಅಗ್ಗ. ಕಣ್ಣು ಮುಚ್ಚದೆ ಕುದುರೆ ಎಳೆಯಲು ಕಲಿಸುವುದು ಅದೊಂದೇ. ಆದರೆ ಅದು ಆಟಿಕೆಯಂತೂ ಅಲ್ಲ: ಅದರ ಗುಂಡು ಒಂದೂವರೆ ಮೈಲಿವರೆಗೆ ಹೋಗಬಲ್ಲದು, ನೀರಿನ ಮೇಲೆ, ಚಪ್ಪಡಿ ಕಲ್ಲಿನ ಮೇಲೆ ಜಿಗಿದು ದಿಕ್ಕು ಬದಲಿಸುತ್ತದೆ. ಡಬ್ಬಿಯನ್ನು ಬೇಲಿಯ ಕಂಬದ ಮೇಲಿಟ್ಟು, ಹಿಂದೆ ಆಕಾಶ ಬಿಟ್ಟು ಫೋಟೊ ತೆಗೆದು ಕಳಿಸಿದ್ದ. ಅಂದು ನಾನು ನಿಜವಾಗಿ ಬೈದದ್ದು ಅದಕ್ಕೆ. ಡಬ್ಬಿಯ ಹಿಂದೆ ಮಣ್ಣಿನ ದಿಬ್ಬವಿರಬೇಕು.

ನಮ್ಮಲ್ಲಿ ಇದೆಲ್ಲ ದೂರದ ಮಾತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಎಂಬುದು ಅಜ್ಜಂದಿರ ಕಥೆಯಲ್ಲಿ ಉಳಿಯಿತು, ಹಾಗೆಯೇ ಇರಲಿ ಎನ್ನುವವಳು ನಾನು. 9 ಎಂಎಂ ಇಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಪರವಾನಗಿ ಸಿಗದ ಅಳತೆ. ಪುಣೆಯವರಿಗೆ ಡಬ್ಬಿ ಹೊಡೆಯುವ ಆಸೆಯಿದ್ದರೆ .177 ಏರ್ ರೈಫಲ್ ಇದೆ. 20 ಜೂಲ್ ಮೀರದಿದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಡ. ಅದೂ ಬೇಡವೆಂದರೆ ನವರಾತ್ರಿಯಲ್ಲಿ ಚತುಃಶೃಂಗಿ ಜಾತ್ರೆಯ ಬಲೂನಿನ ಅಂಗಡಿ. ಅಲ್ಲಿನ ಕೋವಿಯ ನಳಿಕೆ ಎಡಕ್ಕೆ ಬಾಗಿದೆ, ಕೆಂಪು ಬಲೂನಿಗೆ ಗುರಿಯಿಟ್ಟರೆ ಪಕ್ಕದ ಹಳದಿ ಒಡೆಯುತ್ತದೆ. ನಾನು ಹಳದಿಗೇ ಹಣ ಕಟ್ಟುತ್ತೇನೆ.

ಅಮೆರಿಕದ ಕಾನೂನಿನ ಒಂದು ಸ್ವಾರಸ್ಯ ಹೇಳದಿದ್ದರೆ ಮನಸ್ಸು ತಡೆಯದು. ತಂಗಿಯ ಮಗನಂತೆ ಕೆಲಸದ ವೀಸಾದ ಮೇಲಿರುವವರು ಅಲ್ಲಿ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಬೇಟೆಯ ಪರವಾನಗಿ ಇದ್ದರೆ ಇಟ್ಟುಕೊಳ್ಳಬಹುದು. ಇಲ್ಲಿ ಬೇಟೆಯೇ ಅಪರಾಧ, ಅಲ್ಲಿ ಬೇಟೆಯೇ ಬಾಗಿಲು. ಮೊದಲು ಬೇಟೆಗಾರರ ತರಬೇತಿ ಮುಗಿಸು, ಪರವಾನಗಿ ತೆಗೆದುಕೋ, ಕಿತ್ತಳೆ ಬಣ್ಣದ ಅಂಗಿ ಕೊಂಡುಕೋ, ರೈಫಲ್ ಕೊನೆಗೆ ಎಂದಿದ್ದೇನೆ. ತರಬೇತಿಗೆ ಹೆಸರು ಬರೆಸಿದ್ದಾನಂತೆ.

ತಂಗಿ ನಿನ್ನೆ ವಿರಾಜಪೇಟೆಯಿಂದ ಫೋನ್ ಮಾಡಿದಳು. ಮಗ ಕೋವಿ ಹಿಡಿಯುತ್ತಾನೆಂದು ಅವಳಿಗೆ ಆತಂಕವೇ ಇಲ್ಲ. ಅಡುಗೆಗೆ ಹಾಕಲು ಎರಡು ಬಾಟಲಿ ಕಾಚಂಪುಳಿಯನ್ನು (ನಮ್ಮ ಕಡೆಯ ಕಪ್ಪು ಹುಳಿರಸ) ವಿಮಾನದಲ್ಲಿ ಕಳಿಸಲು ಬಿಡುತ್ತಾರೆಯೇ ಎಂದು ಕೇಳುತ್ತಿದ್ದಾಳೆ. ಜಿಂಕೆ ಇನ್ನೂ ಕಾಡಿನಲ್ಲಿದೆ, ರೈಫಲ್ ಇನ್ನೂ ಅಂಗಡಿಯಲ್ಲಿದೆ.