ಕೊಡಗಿನಲ್ಲಿ ದುಡ್ಡು ಸೋರೋದು ರೂಮಲ್ಲಲ್ಲ, ರಸ್ತೇಲಿ

ಕೊಡಗಿಗೆ ಹೊರಟವರು ಮೊದಲು ಕೇಳೋದು ಒಂದೇ ಮಾತು: "ಕಮ್ಮಿ ರೇಟಿಗೆ ಒಳ್ಳೆ ಹೋಂಸ್ಟೇ ಯಾವ್ದಿದೆ?" ಅಲ್ಲಿಗೇ ಲೆಕ್ಕ ತಪ್ಪಿತು. ರೂಮಿನಲ್ಲಿ ಐನೂರು ರೂಪಾಯಿ ಚೌಕಾಸಿ ಮಾಡಿ ಗೆದ್ದವರೇ ಮಾರನೇ ದಿನ ಪೆಟ್ರೋಲಿಗೆ, ಜೀಪಿಗೆ, ನೀರಿಲ್ಲದ ಜಲಪಾತದ ದಾರಿಗೆ ಎರಡು ಸಾವಿರ ಸುರೀತಾರೆ. ಮೊದಲು ದಿನ, ಆಮೇಲೆ ದಾರಿ, ಕೊನೆಗೆ ರೂಮು. ಈ ಸಾಲು ತಿರುಗುಮುರುಗಾದರೆ ಮಿಕ್ಕ ಯಾವ ಉಳಿತಾಯವೂ ಕೈ ಹಿಡಿಯಲ್ಲ.

ದಿನ ಅಂದ್ರೆ ವಾರದ ದಿನ. ಶುಕ್ರವಾರ ರಾತ್ರಿ, ಶನಿವಾರ ರಾತ್ರಿ ಬಿಟ್ಟು ಭಾನುವಾರ ಮಧ್ಯಾಹ್ನದಿಂದ ಗುರುವಾರದವರೆಗೆ ಬನ್ನಿ. ಭಾನುವಾರ ಹನ್ನೊಂದಕ್ಕೆ ಬೆಂಗಳೂರಿನವರೆಲ್ಲ ಖಾಲಿ ಮಾಡಿ ಹೊರಟಿರ್ತಾರೆ, ಅದೇ ರೂಮಿಗೆ ಮಾಲೀಕರು ಆಗ ಬೇರೆಯೇ ರೇಟು ಹೇಳ್ತಾರೆ. ಆಗಸ್ಟ್ 15, ಅಕ್ಟೋಬರ್ 2, ದಸರಾ, ಡಿಸೆಂಬರ್ ಕೊನೆಯ ವಾರ, ಇವು ಉಳಿತಾಯದ ಮಾತೇ ಆಡಬಾರದ ದಿನಗಳು. ಮಡಿಕೇರಿಯ ತಿಮ್ಮಯ್ಯ ಸರ್ಕಲ್ ದಾಟೋಕೇ ಕ್ಲಚ್ ಸುಡುತ್ತೆ. ಅಕ್ಟೋಬರ್ 17ರ ಆಸುಪಾಸು ತುಲಾ ಸಂಕ್ರಮಣ. ತಲಕಾವೇರಿ ತೀರ್ಥೋದ್ಭವಕ್ಕೇ ಬರೋರಾದರೆ ಸರಿ, ಸುಮ್ಮನೆ ಸುತ್ತಾಡೋಕೆ ಬರೋರು ಆ ವಾರ ಭಾಗಮಂಡಲದ ಕಡೆ ತಲೆ ಹಾಕೋದು ಬೇಡ.

ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ಸೀಸನ್ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕೊಡವ ಕೌಟುಂಬಿಕ ಹಾಕಿ ನಡೆಯುತ್ತೆ. 1997ರಲ್ಲಿ ಕರಡದಲ್ಲಿ ಶುರುವಾದದ್ದು ಈಗ ಮುನ್ನೂರಕ್ಕೂ ಹೆಚ್ಚು ತಂಡಗಳ ಹಬ್ಬ. ಪ್ರತಿ ವರ್ಷ ಒಂದೊಂದು ಕುಟುಂಬದ ಆತಿಥ್ಯ. ಆ ಸಲ ಯಾವ ಊರಿನ ಮೈದಾನವೋ ಆ ಊರಲ್ಲಿ, ಸುತ್ತಮುತ್ತ, ಫೈನಲ್ ವಾರ ರೂಮು ಸಿಗೋದು ಕಷ್ಟ. ಅದೇ ತಿಂಗಳುಗಳಲ್ಲಿ ಮದುವೆಗಳೂ ಸಾಲು ಸಾಲು. ವಿರಾಜಪೇಟೆ, ಗೋಣಿಕೊಪ್ಪದ ಲಾಡ್ಜುಗಳು ನೆಂಟರಿಂದಲೇ ತುಂಬಿರ್ತವೆ. "ಆಫ್ ಸೀಸನ್ ಅಂದ್ರಲ್ಲಾ, ಯಾಕಿಷ್ಟು ರೇಟು?" ಅಂತ ಜಗಳಕ್ಕೆ ನಿಲ್ಲೋ ಮೊದಲು ಇದನ್ನ ವಿಚಾರಿಸಿ.

ಜೂನ್‌ನಿಂದ ಸೆಪ್ಟೆಂಬರ್ ಎಲ್ಲಕ್ಕಿಂತ ಅಗ್ಗ, ಸುಳ್ಳಲ್ಲ. ಆದರೆ ಜಡಿಮಳೆಯಲ್ಲಿ ಜಿಲ್ಲಾಡಳಿತ ಜೀಪ್ ಸಫಾರಿ, ಚಾರಣ ನಿಲ್ಲಿಸೋದುಂಟು, ಹೊಳೆ ಏರಿದರೆ ದುಬಾರೆ ಆನೆ ಶಿಬಿರದ ದೋಣಿ ನಿಲ್ಲುತ್ತೆ, ಕರೆಂಟು ಎರಡು ದಿನ ಹೋದರೂ ಆಶ್ಚರ್ಯ ಇಲ್ಲ. ತೋಟದ ಮನೆಯ ಜಗಲಿಯಲ್ಲಿ ಕೂತು ಮಳೆ ನೋಡಿ, ಬಿದಿರು ಕಳಲೆ ಸಾರು, ಕಡಂಬುಟ್ಟು ತಿಂದು ಹೋಗ್ತೀವಿ ಅನ್ನೋರಿಗೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. "ಮಾಂದಲಪಟ್ಟಿ ಬೆಟ್ಟ ನೋಡ್ಲೇಬೇಕು" ಅನ್ನೋರಿಗೆ ಅದು ಅಗ್ಗದ ರೂಮಿನಲ್ಲಿ ಕಳೆದ ದುಬಾರಿ ರಜೆ. ನನ್ನನ್ನು ಕೇಳಿದರೆ ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ, ವಾರದ ನಡುವೆ. ಮಕ್ಕಳ ಪರೀಕ್ಷೆ ಕಾಲ, ಗಿರಾಕಿ ಕಮ್ಮಿ. ಕಾಫಿ ಹೂ ಅರಳಿಸೋ ಹೂಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ, ಊರೆಲ್ಲ ಮಲ್ಲಿಗೆ ಥರ ಘಮ. ಆದರೆ ಆಗ ಅಬ್ಬಿ, ಇರ್ಪು ಜಲಪಾತಗಳಲ್ಲಿ ನೀರು ಸಣಕಲು. ಏಪ್ರಿಲ್‌ನಲ್ಲಿ ಜಲಪಾತಕ್ಕೆಂದೇ 80 ಕಿ.ಮೀ. ಓಡಿಸಿ ಬಂಡೆ ನೋಡಿ ಬರೋರನ್ನ ಕಂಡರೆ ಅಯ್ಯೋ ಅನಿಸುತ್ತೆ. ಜಲಪಾತ ಬೇಕಾದರೆ ಮಳೆ ತಗ್ಗಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್.

ಈಗ ದಾರಿ. ಕೊಡಗು ಅನ್ನೋದು ಒಂದು ಊರಲ್ಲ, ಐದು ತಾಲ್ಲೂಕಿನ ಜಿಲ್ಲೆ. ಮ್ಯಾಪಿನಲ್ಲಿ ಎಲ್ಲ ಹತ್ತಿರ ಕಾಣುತ್ತೆ. ಒಳರಸ್ತೆಗಳಲ್ಲಿ ಗಂಟೆಗೆ 25ರಿಂದ 30 ಕಿ.ಮೀ. ಸಾಗಿದರೆ ಅದೇ ಹೆಚ್ಚು. ಮಡಿಕೇರಿಯಿಂದ ಕುಶಾಲನಗರ 30 ಕಿ.ಮೀ., ತಲಕಾವೇರಿ 45ರ ಮೇಲೆ, ಕುಟ್ಟ 80ರ ಹತ್ತಿರ. ಎಲ್ಲರೂ ಮಾಡೋ ತಪ್ಪು ಒಂದೇ. ಮೈಸೂರು ಕಡೆಯಿಂದ ಬರುವಾಗ ಬೈಲಕುಪ್ಪೆ, ನಿಸರ್ಗಧಾಮ ಎರಡನ್ನೂ ದಾಟಿ "ಮೊದಲು ರೂಮಿಗೆ ಹೋಗಿ ಫ್ರೆಶ್ ಆಗೋಣ" ಅಂತ ಸೀದಾ ಮಡಿಕೇರಿ ಹತ್ತಿಬಿಡ್ತಾರೆ. ಮಾರನೇ ದಿನ ಅವನ್ನೇ ನೋಡೋಕೆ ಮತ್ತೆ ಇಳೀತಾರೆ, ಮತ್ತೆ ಹತ್ತುತಾರೆ. ಮೂರನೇ ದಿನ ಇರ್ಪುವಿಗೆ ಹೋಗಿ ಮಡಿಕೇರಿಗೇ ವಾಪಸ್. ಹೀಗೆ ವ್ಯರ್ಥವಾಗಿ ತಿರುಗಿದ್ದು 180 ಕಿ.ಮೀ. ಅಂತಿಟ್ಟುಕೊಳ್ಳಿ. ಘಟ್ಟದ ರಸ್ತೆಯಲ್ಲಿ ಕಾರು ಲೀಟರಿಗೆ 12 ಕೊಟ್ಟರೆ 15 ಲೀಟರ್, ಲೀಟರಿಗೆ ನೂರೇ ಅಂದರೂ 1,500 ರೂಪಾಯಿ. ಟ್ಯಾಕ್ಸಿ ಕಿ.ಮೀ.ಗೆ 14 ಆದರೆ 2,520. ಅರ್ಧ ದಿನ ಹೋಗಿದ್ದಕ್ಕೆ ಲೆಕ್ಕವೇ ಇಲ್ಲ.

ಮಾಡಬೇಕಾದ್ದು ಸುಲಭ. ಬೆಂಗಳೂರಿನಿಂದ ಬೆಳಗಿನ ಜಾವ ನಾಲ್ಕೂವರೆಗೆ ಬಿಟ್ಟರೆ ಬೈಲಕುಪ್ಪೆಯ ಸ್ವರ್ಣಮಂದಿರ ಹಾದಿಯಲ್ಲೇ, ಪ್ರವೇಶಕ್ಕೆ ದುಡ್ಡಿಲ್ಲ. ನಿಸರ್ಗಧಾಮ ಹೆದ್ದಾರಿ ಪಕ್ಕ. ಮುಗಿಸಿಕೊಂಡು ಮಧ್ಯಾಹ್ನ ಮಡಿಕೇರಿ ಸೇರಿ. ದುಬಾರೆಯಲ್ಲಿ ಆನೆ ಸ್ನಾನ ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಹೋದರೆ ದೋಣಿಗೆ ದುಡ್ಡು ಕೊಟ್ಟು ಖಾಲಿ ಹೊಳೆ ದಾಟಿದಂಗೆ. ಅದೇ ಬೇಕು ಅಂದರೆ ಮೊದಲ ರಾತ್ರಿ ಕುಶಾಲನಗರದಲ್ಲೇ ಉಳೀರಿ. ಮಡಿಕೇರಿಗಿಂತ ಲಾಡ್ಜು ಅಗ್ಗ, ಬೆಳಿಗ್ಗೆ ಒಂಬತ್ತರೊಳಗೆ ದುಬಾರೆ ಮುಟ್ಟಬಹುದು. ಕೊನೇ ದಿನ ಬಂದ ದಾರಿ ಹಿಡಿಯದೆ ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ ಮೇಲೆ ಹುಣಸೂರಿಗೆ ಇಳೀರಿ, ದಕ್ಷಿಣ ಕೊಡಗು ದಾರಿಯಲ್ಲೇ ಸಿಕ್ಕಂತಾಯ್ತು. ಕುಟ್ಟದಿಂದ ನಾಗರಹೊಳೆ ಕಾಡಿನೊಳಗಿನ ರಸ್ತೆ ಹಿಡಿಯೋದಾದರೆ ನೆನಪಿರಲಿ, ಸಂಜೆ ಆರಕ್ಕೆ ಗೇಟು ಬಿದ್ದರೆ ತೆಗೆಯೋದು ಬೆಳಿಗ್ಗೆ ಆರಕ್ಕೆ. ಆರೂವರೆಗೆ ಬಂದು ಕೈ ಮುಗಿದರೂ ಗೋಣಿಕೊಪ್ಪ ಸುತ್ತಿಕೊಂಡೇ ಹೋಗಬೇಕು.

ಇನ್ನು ಮಡಿಕೇರಿ ಊರು ನೋಡೋಕೆ ಗಾಡಿಯೇ ಬೇಡ. ಕೋಟೆ, 1820ರ ಓಂಕಾರೇಶ್ವರ, ಕೊಡಗಿನ ರಾಜರ ಸಮಾಧಿಗಳಿರೋ ಗದ್ದಿಗೆ, ಜನರಲ್ ತಿಮ್ಮಯ್ಯ ಹುಟ್ಟಿದ ಸನ್ನಿಸೈಡ್ ಮನೆ, ಸಂಜೆಗೆ ರಾಜಾಸೀಟ್. ಕಾಲು ಗಟ್ಟಿಯಿದ್ದರೆ ಎಲ್ಲ ನಡಿಗೆಯಲ್ಲೇ ಆಗುತ್ತೆ, ಇಲ್ಲದಿದ್ದರೆ ಒಂದೆರಡು ಕಡೆ ಆಟೋ. ಒಂದು ಪೂರ್ತಿ ದಿನ ಪೆಟ್ರೋಲ್ ಇಲ್ಲದೆ ಕಳೆಯುತ್ತೆ.

ಬಸ್ಸಿನವರಿಗೆ ಒಂದೆರಡು ಮಾತು. ಕೊಡಗಿಗೆ ರೈಲಿಲ್ಲ. ದೂರದವರು ಮೈಸೂರಿನವರೆಗೆ ರಾತ್ರಿ ರೈಲಿನಲ್ಲಿ ಬಂದರೆ ಒಂದು ರಾತ್ರಿಯ ರೂಮೇ ಉಳಿಯಿತು. ರೈಲಿನ ಮುಂಗಡ ಬುಕಿಂಗ್ ತೆರೆಯೋದು 60 ದಿನ ಮೊದಲು, ಹಿಂದಿನ 120 ದಿನದ ಲೆಕ್ಕದಲ್ಲಿ ಕೂರಬೇಡಿ. ಮೈಸೂರಿನಿಂದ ಮಡಿಕೇರಿಗೆ ಸಾರಿಗೆ ಬಸ್ಸಿಗೆ ಬರವಿಲ್ಲ. ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಮಾತ್ರ. ರಾಜಹಂಸ, ಐರಾವತ ಹತ್ತಿ ಆಧಾರ್ ತೋರಿಸಿದರೆ ಪ್ರಯೋಜನ ಇಲ್ಲ. ಐಷಾರಾಮಿ ಬಸ್ಸೇ ಬೇಕಾದರೆ ನಾಲ್ಕು ಅಥವಾ ಹೆಚ್ಚು ಜನರ ಟಿಕೆಟ್ ಒಟ್ಟಿಗೆ ತೆಗೆದರೆ 5%, ಹೋಗಿ ಬರೋದು ಒಟ್ಟಿಗೇ ಬುಕ್ ಮಾಡಿದರೆ ವಾಪಸ್ ಟಿಕೆಟ್ಟಿಗೆ 10% ಕಡಿತ ಇದೆ. ಎಡವೋದು ಒಳಗಿನ ಊರುಗಳಲ್ಲಿ. ಅಲ್ಲಿ ಬಹುಪಾಲು ಖಾಸಗಿ ಬಸ್ಸುಗಳು, ಶಕ್ತಿ ನಡೆಯಲ್ಲ, ಸಂಜೆಯಾದರೆ ಬಸ್ಸೂ ಇಲ್ಲ. ಕೊನೇ ಬಸ್ಸಿನ ಹೊತ್ತನ್ನ ಕಂಡಕ್ಟರ್ ಹತ್ರ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ತಪ್ಪಿದರೆ ಆಟೋದವರು ಹೇಳಿದ್ದೇ ರೇಟು, ಅವರ ತಪ್ಪೂ ಅಲ್ಲ, ಖಾಲಿ ವಾಪಸ್ ಬರಬೇಕಲ್ಲ.

ಟ್ಯಾಕ್ಸಿ ಮಾಡೋರು ಕಿ.ಮೀ. ದರ ಒಂದನ್ನೇ ಕೇಳ್ತಾರೆ. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ., ಲೆಕ್ಕ ಶೆಡ್ಡಿನಿಂದ ಶೆಡ್ಡಿಗೋ ನಿಮ್ಮ ಮನೆಯಿಂದಲೋ, ಡ್ರೈವರ್ ಬಾಟಾ ಎಷ್ಟು, ಟೋಲ್ ಯಾರದು, ಇವೇ ಬಿಲ್ಲು ಉಬ್ಬಿಸೋದು. ಕನಿಷ್ಠ 300 ಕಿ.ಮೀ. ಇದ್ದು ನೀವು ಮಡಿಕೇರಿ ಸುತ್ತ 60 ಓಡಿಸಿದರೂ ಕೊಡೋದು 300ಕ್ಕೆ. ಆ ಲೆಕ್ಕದಲ್ಲಿ ಮಡಿಕೇರಿಗೆ ಬಸ್ಸಲ್ಲಿ ಬಂದು ಇಲ್ಲೇ ಒಂದು ದಿನಕ್ಕೆ ಗಾಡಿ ಹಿಡಿಯೋದು ವಾಸಿ. ಬಿಳಿ ಬೋರ್ಡಿನ ಕಾರು ಅಗ್ಗಕ್ಕೆ ಸಿಗುತ್ತೆ ಅಂತ ಹತ್ತಬೇಡಿ. ಬಾಡಿಗೆಗೆ ಓಡಿಸಿದ ಸ್ವಂತ ಗಾಡಿ ಎಲ್ಲಾದರೂ ಗುದ್ದಿಕೊಂಡರೆ ವಿಮೆ ಕಂಪನಿ ಕೈ ಎತ್ತುತ್ತೆ.

ಮಾಂದಲಪಟ್ಟಿ ಜೀಪಿನ ಬಾಡಿಗೆ ತಲೆಗಲ್ಲ, ಗಾಡಿಗೆ. ಇಬ್ಬರೇ ಹೋದರೂ ಅಷ್ಟೇ, ಆರು ಜನ ಹೋದರೂ ಅಷ್ಟೇ. ಹೋಂಸ್ಟೇಯಲ್ಲಿ ಪಕ್ಕದ ರೂಮಿನವರನ್ನ ರಾತ್ರಿ ಊಟದ ಹೊತ್ತಿಗೇ ಮಾತಾಡಿಸಿ ಜೊತೆ ಮಾಡಿಕೊಂಡರೆ ಅರ್ಧಕ್ಕರ್ಧ ಉಳಿಯುತ್ತೆ. ಮೇಲೆ ಎಷ್ಟು ಹೊತ್ತು ಕಾಯ್ತಾರೆ, ಅರಣ್ಯ ಇಲಾಖೆ ಪ್ರವೇಶ ಶುಲ್ಕ ಸೇರಿದೆಯೋ ಬೇರೆಯೋ, ಹತ್ತೋ ಮೊದಲೇ ಕೇಳಿ. ತಡಿಯಂಡಮೋಳ್ ಬೆಟ್ಟ ಹತ್ತೋರು ಆನ್‌ಲೈನ್ ಅನುಮತಿ ಮಾಡಿಸಿಕೊಂಡೇ ಕಕ್ಕಬ್ಬೆಗೆ ಬನ್ನಿ. ಇಲ್ಲದೆ ಬಂದರೆ ನಾಲ್ಕುನಾಡು ಅರಮನೆ ನೋಡಿ ವಾಪಸ್.

ಕೊನೆಗೆ ರೂಮು. ಇಲ್ಲಿ ತೆರಿಗೆ ಲೆಕ್ಕ ಸ್ವಲ್ಪ ಗೊತ್ತಿದ್ದರೆ ಚೌಕಾಸಿಗಿಂತ ಹೆಚ್ಚು ಉಳಿಯುತ್ತೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5%, ಅದರ ಮೇಲೆ ಹೋದರೆ 18%. 7,400ರ ರೂಮು ತೆರಿಗೆ ಸೇರಿ 7,770. 7,600ರ ರೂಮು 8,968. ಇನ್ನೂರು ರೂಪಾಯಿ ವ್ಯತ್ಯಾಸಕ್ಕೆ ಸಾವಿರದ ಇನ್ನೂರು ಹೆಚ್ಚು! ರೆಸಾರ್ಟಿನವರ ಹತ್ರ "ಸಾರ್, 7,500ಕ್ಕೆ ಇಳಿಸಿ" ಅಂದರೆ ಅವರು ಬಿಡೋದು ನೂರು, ನಿಮಗೆ ಉಳಿಯೋದು ಸಾವಿರಕ್ಕೂ ಮೇಲೆ.

ಸಣ್ಣ ಹೋಂಸ್ಟೇಯಲ್ಲಿ ಲೆಕ್ಕ ಬೇರೆ. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಮಾಲೀಕರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಮಾಡಿಸದವರು ತೆರಿಗೆ ವಸೂಲಿ ಮಾಡೋ ಹಾಗೂ ಇಲ್ಲ. ಬಿಲ್ಲಿನಲ್ಲಿ 15 ಅಂಕಿ-ಅಕ್ಷರದ ಜಿಎಸ್‌ಟಿ ನಂಬರು ಇಲ್ಲದೆ "ಟ್ಯಾಕ್ಸ್" ಅಂತ ಸೇರಿಸಿದ್ದರೆ ಕೇಳಿ ತೆಗೆಸಿ. ಆದರೆ ಅದೇ ಮನೆಯನ್ನ ಆ್ಯಪ್ ಮೂಲಕ ಬುಕ್ ಮಾಡಿದರೆ ತೆರಿಗೆ ಕಟ್ಟೋ ಹೊಣೆ ಆ್ಯಪಿನದು, ಅದು ನಿಮ್ಮ ಬಿಲ್ಲಿಗೇ ಬರುತ್ತೆ. ಮೇಲೆ ಆ್ಯಪಿನ ಕಮಿಷನ್ ಬೇರೆ. ಹಾಗಾಗಿ ಆ್ಯಪಿನಲ್ಲಿ ನೋಡಿ, ರಿವ್ಯೂ ಓದಿ, ನೇರ ಫೋನ್ ಮಾಡಿ.

ಫೋನ್ ಆದ ಮೇಲೆ ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಹೀಗೆ: "ನಮಸ್ಕಾರ. ದೊಡ್ಡವರು 2, ಮಕ್ಕಳು 9 ಮತ್ತು 4 ವರ್ಷ. ಮಂಗಳವಾರ ಮಧ್ಯಾಹ್ನ ಬಂದು ಗುರುವಾರ ಬೆಳಿಗ್ಗೆ ಹೊರಡ್ತೀವಿ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಒಟ್ಟು ಎಷ್ಟು? ಮಕ್ಕಳಿಗೆ ಅರ್ಧವೋ ಪೂರ್ತಿಯೋ? ಇಬ್ಬರು ಸಸ್ಯಾಹಾರಿ. ಕ್ಯಾಂಪ್‌ಫೈರ್, ಹೆಚ್ಚುವರಿ ಹಾಸಿಗೆಗೆ ಬೇರೆ ದುಡ್ಡಿದೆಯಾ? ಡ್ರೈವರಿಗೆ ಮಲಗೋ ಜಾಗ ಇದೆಯಾ? ನಮ್ಮದು ಸಣ್ಣ ಕಾರು, ಮನೆ ಬಾಗಿಲವರೆಗೆ ಬರುತ್ತಾ?" ಕೊನೇ ಪ್ರಶ್ನೆ ಬಿಡಲೇಬೇಡಿ. ಎಷ್ಟೋ ಕಡೆ ಉತ್ತರ ಹೀಗಿರುತ್ತೆ: "ಕೆಳಗಿನ ಗೇಟ್‌ವರೆಗೆ ಬರುತ್ತೆ ಸಾರ್, ಮೇಲಕ್ಕೆ ನಮ್ಮ ಜೀಪು." ಆ ಜೀಪು ಪುಕ್ಕಟೆಯೋ, ಸಲಕ್ಕೆ ಇಷ್ಟು ಅಂತಲೋ? ದಿನಕ್ಕೆರಡು ಸಲ ಇಳಿದು ಹತ್ತಿದರೆ ಅಗ್ಗದ ರೂಮು ಅಗ್ಗವಾಗಿ ಉಳಿಯಲ್ಲ.

ಪೂರ್ತಿ ದುಡ್ಡು ಮೊದಲೇ ಕೇಳಿದರೆ ಅನುಮಾನ ಪಡಿ. ಬೇರೆಯವರ ಮನೆಯ ಫೋಟೋ ಹಾಕಿ ಅಡ್ವಾನ್ಸ್ ನುಂಗೋರಿದ್ದಾರೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ, ಒಂದು ವಿಡಿಯೋ ಕಾಲ್‌ನಲ್ಲಿ ಅಂಗಳ ತೋರಿಸಿ ಅನ್ನಿ, ಯುಪಿಐನಲ್ಲಿ ಬರೋ ಹೆಸರು ಮಾಲೀಕರು ಹೇಳಿದ್ದೇನಾ ನೋಡಿ, ಕಾಲು ಭಾಗ ಮಾತ್ರ ಕಳಿಸಿ. ಮಳೆಗಾಲದ ಬುಕಿಂಗಿಗೆ "ರಸ್ತೆ ಬಂದ್ ಆದರೆ ದುಡ್ಡು ವಾಪಸ್ ಕೊಡ್ತೀರಾ?" ಅನ್ನೋದಕ್ಕಿಂತ "ದಿನ ಬದಲಾಯಿಸಿ ಕೊಡ್ತೀರಾ?" ಅಂತ ಕೇಳಿದರೆ ಬಹಳಷ್ಟು ಮಾಲೀಕರು ಒಪ್ತಾರೆ.

ಹೊರಡುವಾಗಿನ ಖರೀದಿಯೂ ಖರ್ಚೇ ತಾನೆ. ಕಾಫಿಪುಡಿ ಪೊಟ್ಟಣದ ಮೇಲೆ ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆದಿರಲೇಬೇಕು, 49ರವರೆಗೆ ಸೇರಿಸಲು ಅವಕಾಶ ಇದೆ. ಓದದೆ ತಗೊಂಡರೆ ಅರ್ಧ ಬೇರಿನ ಪುಡಿಗೆ ಕಾಫಿ ರೇಟು ಕೊಟ್ಟಂಗೆ. ಅನುಮಾನ ಬಂದರೆ ಒಂದು ಲೋಟ ತಣ್ಣೀರಿಗೆ ಅರ್ಧ ಚಮಚ ಉದುರಿಸಿ. ಕಾಫಿ ತೇಲುತ್ತೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ಮುಳುಗುತ್ತೆ. ಹುರಿದ ಬೀಜ ತಗೊಂಡು ಮನೆಯಲ್ಲೇ ಪುಡಿ ಮಾಡಿಕೊಳ್ಳೋದು ಇನ್ನೂ ಒಳ್ಳೇದು, ಘಮ ಬೇಗ ಹೋಗಲ್ಲ. ಕರಿಮೆಣಸನ್ನೂ ನೀರಿಗೆ ಹಾಕಿ ನೋಡಿ, ಜೊಳ್ಳು ಮತ್ತು ಪರಂಗಿ ಬೀಜ ಮೇಲೆ ತೇಲ್ತವೆ. ಜೇನಿಗೆ ಇಂಥ ಮನೆ ಪರೀಕ್ಷೆ ಯಾವುದೂ ನಂಬೋ ಹಾಗಿಲ್ಲ. ಸಕ್ಕರೆ ಪಾಕವೂ ಹೆಬ್ಬೆರಳ ಮೇಲೆ ಹನಿಯಾಗೇ ನಿಲ್ಲುತ್ತೆ. ರಸ್ತೆ ಬದಿಯ ಬಾಟ್ಲಿ ಬಿಟ್ಟು ಸಹಕಾರ ಸಂಘದ ಮಳಿಗೆಯಲ್ಲಿ ಅಗ್‌ಮಾರ್ಕ್ ನೋಡಿ ತಗೊಳ್ಳಿ. ಅಡುಗೆಗೆ ಹಾಕೋ ಕಪ್ಪು ಹುಳಿರಸ ಕಾಚಂಪುಳಿ ಚಿಕ್ಕ ಬಾಟ್ಲಿ ಸಾಕು. ಒಂದು ಪಾತ್ರೆ ಸಾರಿಗೆ ಬೇಕಾಗೋದು ಒಂದೆರಡು ಚಮಚ, ಕೆಡೋದೂ ಇಲ್ಲ.

ಇಲ್ಲಿಂದ ಮಾಕುಟ್ಟ ಇಳಿದು ಕಣ್ಣೂರಿಗೋ, ಕುಟ್ಟ ದಾಟಿ ವಯನಾಡಿಗೋ ಹೋಗೋರಿದ್ದರೆ ವಿರಾಜಪೇಟೆಯಲ್ಲೋ ಗೋಣಿಕೊಪ್ಪದಲ್ಲೋ ಟ್ಯಾಂಕ್ ತುಂಬಿಸಿಕೊಳ್ಳಿ. ಗಡಿಯಾಚೆ ಪೆಟ್ರೋಲ್ ನಮ್ಮಲ್ಲಿಗಿಂತ ದುಬಾರಿ.